ಬೇಸ್ ಗಿಟಾರ್ ಇಲ್ದೆ 'ಸೆವೆನ್ ನೇಶನ್ ಆರ್ಮಿ' ನುಡಿಸೋದು ಹೇಗೆ? ನಾವಿರೋದು ಇಬ್ರೇ

ಕೊತ್ರೂಡ್ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಪುಣೆ ಕೊತ್ರೂಡ್‌ನಲ್ಲಿರೋದು, ಅಪ್ಪ ಅಮ್ಮ ಹುಬ್ಬಳ್ಳಿಯವರು, ನಾನೂ ನನ್ನ ತಮ್ಮನೂ ಇಲ್ಲೇ ಹುಟ್ಟಿ ಬೆಳೆದವರು. ನಾನು ಗಿಟಾರ್, ಅವನು ಡ್ರಮ್ಸ್, ಬ್ಯಾಂಡ್ ಅಂದ್ರೆ ಅಷ್ಟೇ. ನಮ್ಮ ಕಡೆ ಕನ್ನಡದವರೆಲ್ಲ ಸೇರಿ ಪ್ರತಿ ನವೆಂಬರ್ ರಾಜ್ಯೋತ್ಸವ ಮಾಡ್ತೀವಿ, ಈ ಸಲ ನಮ್ಮಿಬ್ರಿಗೆ 8 ನಿಮಿಷ ಕೊಟ್ಟಿದಾರೆ. ಒಂದು ಕನ್ನಡ ಹಾಡು ರೆಡಿ ಇದೆ. ಎರಡನೇದು ವೈಟ್ ಸ್ಟ್ರೈಪ್ಸ್ ಅವರ 'ಸೆವೆನ್ ನೇಶನ್ ಆರ್ಮಿ' ನುಡಿಸ್ಬೇಕು ಅಂತ ನನಗೆ ಬಹಳ ದಿನದ ಆಸೆ. ಹೆಸರು ಗೊತ್ತಿಲ್ದವ್ರಿಗೂ ಟ್ಯೂನ್ ಗೊತ್ತಿರತ್ತೆ, ಫುಟ್‌ಬಾಲ್ ಮ್ಯಾಚಲ್ಲಿ ಜನ "ಓ... ಓ ಓ ಓ ಓ, ಓ..., ಓ..." ಅಂತ ಕೂಗ್ತಾರಲ್ಲ, ಅದೇ.

ಈಗ ತೊಂದರೆ ಏನಂದ್ರೆ, ಆ ಟ್ಯೂನ್ ಬೇಸ್ ಗಿಟಾರ್‌ದು ಅಂತಾನೇ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ, ತಮ್ಮ ಹೇಳ್ತಾನೆ ಅದು ಮಾಮೂಲಿ ಗಿಟಾರ್ ಅಂತ, ಆದ್ರೆ ನಾನು ನನ್ನ ಗಿಟಾರಲ್ಲಿ ನುಡಿಸಿದ್ರೆ ಸ್ವರ ಸರಿ ಇದ್ರೂ ಆ ಗಡಸು ಬರ್ತಾನೇ ಇಲ್ಲ, ಏನೋ ಮಕ್ಕಳ ಟಾಯ್ ಥರ ತೆಳ್ಳಗೆ ಕೇಳ್ಸತ್ತೆ. ಒಬ್ಬ ಫ್ರೆಂಡು ನಾನು ಕೀಬೋರ್ಡಲ್ಲಿ ಬೇಸ್ ಹಾಕ್ತೀನಿ, ಮೇಲೆ ಸ್ವಲ್ಪ ಕಾರ್ಡ್ಸೂ ತುಂಬಿಸ್ತೀನಿ ಅಂತಿದಾನೆ. ಕರಿಬೇಕಾ ಬೇಡ್ವಾ?

ಇನ್ನೊಂದು ವಿಷ್ಯ. ಕಮಿಟಿಯ ಅಂಕಲ್ ಒಬ್ರು ರಾಜ್ಯೋತ್ಸವದಲ್ಲಿ ಇಂಗ್ಲಿಷ್ ಹಾಡು ಯಾಕಮ್ಮ, ಅದೂ ಹೆಸರಲ್ಲೇ ಸೈನ್ಯ ಇದೆ, ಯುದ್ಧದ ಹಾಡಾ ಅಂತ ಕೇಳಿದ್ರು. ಬೇಕಾದ್ರೆ ಅದೇ ಟ್ಯೂನಿಗೆ ಶರೀಫರ ಪದ ಹಾಕ್ಕೊಂಡು ಹಾಡಿ ಅಂದ್ರು. ಅವರು ಒಳ್ಳೇ ಮನಸ್ಸಿಂದಾನೇ ಹೇಳಿದ್ದು, ನನಗೆ ಉತ್ತರ ಹೊಳೀಲಿಲ್ಲ. ಗೊತ್ತಿರೋರು ಹೇಳಿ ಪ್ಲೀಸ್.

ಮಾಟುಂಗಾ ಮಾಣಿ

ನಿಮ್ಮ ತಮ್ಮ ಹೇಳಿದ್ದು ಸರಿ ಮಾರಾಯ್ರೆ. ಅದು ಗಿಟಾರೇ. ಆ ಬ್ಯಾಂಡಲ್ಲಿ ಬೇಸ್ ನುಡಿಸುವವರು ಇರಲೇ ಇಲ್ಲ, ಅಮೆರಿಕದ ಡೆಟ್ರಾಯ್ಟ್‌ನ ಜ್ಯಾಕ್ ವೈಟ್ ಗಿಟಾರ್ ಮತ್ತೆ ಹಾಡು, ಮೆಗ್ ವೈಟ್ ಡ್ರಮ್ಸ್, ನಿಮ್ಮ ಹಾಗೇ ಇಬ್ಬರೇ. ಒಂದು ಹಳೇ ಕೇ ಕಂಪನಿಯ ಹಾಲೋಬಾಡಿ ಗಿಟಾರನ್ನ ಡಿಜಿಟೆಕ್ ವ್ಯಾಮಿ ಅಂತ ಪೆಡಲ್‌ಗೆ ಕೊಟ್ಟು ಅದರಲ್ಲಿ ಸ್ವರವನ್ನ ಪೂರ್ತಿ ಒಂದು ಸಪ್ತಕ ಕೆಳಗೆ ಇಳಿಸಿದ್ದು. ಕೇಳುವವರಿಗೆ ಬೇಸ್, ಕೈಯಲ್ಲಿ ಇರುವುದು ಗಿಟಾರ್.

ನುಡಿಸ್ಲಿಕ್ಕೆ ಏನೂ ಕಷ್ಟ ಇಲ್ಲ, ಐದನೇ ತಂತಿ ಅಂದ್ರೆ ಎ ತಂತಿಯಲ್ಲಿ ಫ್ರೆಟ್ (ಗಿಟಾರಿನ ಮನೆ) 7, 7, 10, 7, 5, 3, 2. ಅಷ್ಟೇ, ಏಳು ಪೆಟ್ಟು. ಮೊದಲಿನ ಐದು ಒಂದು ಬಾರ್‌ನಲ್ಲಿ, ಅಂದ್ರೆ ನಾಲ್ಕು ಎಣಿಕೆಯ ಒಂದು ಸುತ್ತಲ್ಲಿ ಹೋಗ್ತದೆ, ಕೊನೇ ಎರಡು ಮುಂದಿನ ಇಡೀ ಬಾರ್ ಹಂಚಿಕೊಂಡು ಉದ್ದಕ್ಕೆ ನಿಲ್ತದೆ. ಈ ಕೊನೇ ಎರಡನ್ನ ಹೆಚ್ಚಿನವರು ಬೇಗ ಬಿಟ್ಬಿಡ್ತಾರೆ, ಅಲ್ಲೇ ಹಾಳಾಗುವುದು.

ಪೆಡಲ್ ಯಾಕೆ, ಕೆಳಗಿನ ದಪ್ಪ ಇ ತಂತಿಯಲ್ಲೇ ನುಡಿಸಿದ್ರೆ ಆಗುದಿಲ್ವಾ ಅಂತ ನಾನೂ ಒಂದು ಕಾಲದಲ್ಲಿ ನೋಡಿದ್ದೆ. ಮೊದಲ ಇ ಸಿಗ್ತದೆ, ಬಿಟ್ಟ ತಂತಿ, ಸುಮಾರು 82 ಹರ್ಟ್ಸ್. ಆದ್ರೆ ಟ್ಯೂನ್ ಅಲ್ಲಿಂದ ಡಿ, ಸಿ, ಬಿ ಅಂತ ಇನ್ನೂ ಕೆಳಗೆ ಇಳೀತದಲ್ಲ, ಕೊನೇ ಬಿ ಸುಮಾರು 62 ಹರ್ಟ್ಸ್, ಮಾಮೂಲಿ ಶ್ರುತಿಯ ಗಿಟಾರಲ್ಲಿ ಆ ಸ್ವರವೇ ಇಲ್ಲ. ನಿಮಗೆ ತೆಳ್ಳಗೆ ಕೇಳುವುದು ಇದಕ್ಕೇ, ಕೈಯ ತಪ್ಪಲ್ಲ.

ವ್ಯಾಮಿಯೇ ಬೇಕು ಅಂತ ಇಲ್ಲ, ಯಾವ ಆಕ್ಟೇವ್ ಪೆಡಲ್ ಆದ್ರೂ ಆಗ್ತದೆ, ಸಾಧಾರಣ ಮಲ್ಟಿ ಎಫೆಕ್ಟ್‌ನಲ್ಲೂ ಪಿಚ್ ಶಿಫ್ಟ್ ಇರ್ತದೆ. ಗಿಟಾರ್ ಆದ ತಕ್ಷಣ ಅದನ್ನ ಇಡಿ, ಸ್ವರ ಒರಟು ಮಾಡುವ ಡಿಸ್ಟಾರ್ಶನ್ ಆಮೇಲೆ. ಉಲ್ಟಾ ಇಟ್ರೆ ಪೆಡಲ್‌ಗೆ ಸ್ವರ ಗುರುತು ಸಿಗದೆ ಗೊಳಗೊಳ ಅಂತದೆ. ನೆಕ್ ಪಿಕಪ್ ಹಾಕಿ, ಟೋನ್ ಸ್ವಲ್ಪ ಇಳಿಸಿ, ಒಂದು ಸಲಕ್ಕೆ ಒಂದೇ ತಂತಿ ಮುಟ್ಟಿ. ಮುಂಬೈಗೆ ಬಂದ್ರೆ ಧೋಬಿ ತಲಾವ್‌ನ ಫುರ್ಟಾಡೋಸ್‌ಗೆ ನಿಮ್ಮ ಗಿಟಾರ್ ತಗೊಂಡು ಹೋಗಿ ನುಡಿಸಿ ನೋಡಿ ತಗೊಳ್ಳಿ, ಆನ್‌ಲೈನ್ ವಿಡಿಯೋ ನೋಡಿ ತಗೋಬೇಡಿ, ಫೋನ್ ಸ್ಪೀಕರಲ್ಲಿ 62 ಹರ್ಟ್ಸ್ ಕೇಳುದೇ ಇಲ್ಲ.

ಇನ್ನೊಂದು ಮುಖ್ಯ. ಮನೇಲಿ ಪ್ರಾಕ್ಟೀಸ್ ಮಾಡುವ ಸಣ್ಣ ಆಂಪ್ ಸ್ಟೇಜಿಗೆ ತಗೊಂಡು ಹೋಗ್ಬೇಡಿ. ನಾನು ಒಂದು ಗಣಪತಿ ಪ್ರೋಗ್ರಾಮಿಗೆ 8 ಇಂಚಿನ ಸ್ಪೀಕರ್ ಆಂಪ್ ಹೊತ್ಕೊಂಡು ಹೋಗಿ, ಮೊದಲ ಬಿ ಬಂದ ಕೂಡ್ಲೇ ಅದು ಗಡಗಡ ಅಂತ ನಡುಗಲಿಕ್ಕೆ ಶುರು ಮಾಡ್ತು, ಟ್ಯೂನ್ ಹೋಗಿ ಬರೇ ಸದ್ದು ಉಳೀತು. ಸೌಂಡಿನವರಿಗೆ ಮೊದಲೇ ಹೇಳಿ, ಲೈನ್ ನೇರ ಮಿಕ್ಸರಿಗೆ ಕೊಡಿ, ಸಬ್‌ವೂಫರ್ ಇದೆಯಾ ಕೇಳಿ.

ಹೆಸರಿನ ವಿಷಯ. ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಾಲ್ವೇಶನ್ ಆರ್ಮಿ ಅಂತ ಸೇವಾ ಸಂಸ್ಥೆ ಇದೆಯಲ್ಲ, ಜ್ಯಾಕ್ ವೈಟ್ ಚಿಕ್ಕವನಿದ್ದಾಗ ಅದನ್ನ ಸೆವೆನ್ ನೇಶನ್ ಆರ್ಮಿ ಅಂತ ತಿಳ್ಕೊಂಡಿದ್ದಂತೆ. ಇಲ್ಲಿ ಕೊಲಾಬಾದಲ್ಲಿ ತಾಜ್ ಹಿಂದುಗಡೆ ಅವರದ್ದೇ ರೆಡ್ ಶೀಲ್ಡ್ ಹೌಸ್ ಅಂತ ಗೆಸ್ಟ್ ಹೌಸ್ ಉಂಟು, ಆ ಬೋರ್ಡ್ ಮುಂದೆ ಹೋಗುವಾಗೆಲ್ಲ ನನಗೆ ಈ ಹಾಡು ತಲೆಯಲ್ಲಿ ಶುರುವಾಗ್ತದೆ. ಹಾಡಿನ ಒಳಗೆ ಇರುವುದು ಊರವರ ಗಾಳಿಮಾತು. ಎಲ್ಲರೂ ಬೆನ್ನ ಹಿಂದೆ ಆಡಿಕೊಳ್ಳುವುದು ಕೇಳಿ ಕೇಳಿ ಸಾಕಾಗಿ ಊರು ಬಿಟ್ಟು ಹೊರಡುವವನ ಕತೆ. ಅಂಕಲ್‌ಗೆ ಹೀಗೆ ಹೇಳಿ, ಊರು ಬಿಟ್ಟು ಬಂದವರಿಗೆ ಅರ್ಥ ಆಗ್ತದೆ.

ಠಾಣೆ ಡ್ರಮ್ಮರ್

ಗೇರ್ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಹೇಳೋದು ಒಂದೇ, ಕೀಬೋರ್ಡ್ ಫ್ರೆಂಡ್‌ನ ಕರೀಬೇಡಿ. ದಯವಿಟ್ಟು.

ಈ ಹಾಡಲ್ಲಿ ಜಾಗ ಖಾಲಿ ಇದೆ ಅಂತ ಎಲ್ರಿಗೂ ಅನ್ಸತ್ತೆ, ಎಲ್ರೂ ಅಲ್ಲಿ ಏನಾದ್ರೂ ತುಂಬೋಕೆ ಬರ್ತಾರೆ, ನಾನೂ ಅದೇ ಮಾಡಿದ್ದೆ. ಕಾಲೇಜಲ್ಲಿ ನಾವು ಐದು ಜನರ ಬ್ಯಾಂಡ್, ಎರಡು ಗಿಟಾರು, ಬೇಸು, ಕೀಬೋರ್ಡು, ನಾನು ಡ್ರಮ್ಸಲ್ಲಿ ಪ್ರತಿ ನಾಲ್ಕು ಬಾರ್‌ಗೊಂದು ಫಿಲ್ (ನಡುವೆ ತುಂಬೋ ಅಲಂಕಾರದ ಹೊಡೆತ) ಹಾಕ್ಕೊಂಡು, ಡಬಲ್ ಕಿಕ್ ಹೊಡ್ಕೊಂಡು, ನುಡಿಸಿ ಮುಗಿಸಿದಾಗ ನಮಗೆಲ್ಲ ಭಾರಿ ಖುಷಿ. ಆಮೇಲೆ ರೆಕಾರ್ಡಿಂಗ್ ಕೇಳಿದ್ರೆ ಹಾಡೇ ಇಲ್ಲ. ಎಲ್ಲಾ ಕಡೆ ಜೋರು, ಹಾಗಾಗಿ ಎಲ್ಲೂ ಜೋರು ಅನ್ಸಲ್ಲ. ಆವತ್ತು ಕೂತು ಒರಿಜಿನಲ್ ಅನ್ನ ಬರೀ ಡ್ರಮ್ಸಿಗೆ ಕಿವಿ ಕೊಟ್ಟು ಕೇಳ್ದೆ. ಮೆಗ್ ಶುರುವಲ್ಲಿ ಕಾಲಲ್ಲಿ ಹೊಡೆಯೋ ಕಿಕ್ ಮತ್ತೆ ನೆಲದ ಮೇಲೆ ನಿಲ್ಲೋ ದೊಡ್ಡ ಡ್ರಮ್ಮು ಫ್ಲೋರ್ ಟಾಮ್ ಎರಡನ್ನೇ ಸಮಸಮ ಹೊಡೀತಾ ಹೋಗ್ತಾಳೆ, ಧಮ್ ಧಮ್ ಧಮ್ ಧಮ್, ಎದೆಬಡಿತದ ಥರ. ಆಮೇಲೆ ಸ್ನೇರ್ ಬರತ್ತೆ. ಗಿಟಾರ್ ಸ್ಫೋಟ ಆಗೋ ಕಡೆ ಮಾತ್ರ ಕ್ರ್ಯಾಶ್ ತೆಗೀತಾಳೆ, ಅಲ್ಲಿ ಆ ಸಿಂಬಲ್‌ಗೆ ಅಷ್ಟು ಬೆಲೆ ಬರೋದು ಅಲ್ಲೀತನಕ ಅದು ಇರದೇ ಇದ್ದಿದ್ರಿಂದ. ಮೆಗ್‌ಗೆ ಡ್ರಮ್ಸ್ ಬರಲ್ಲ ಅಂತ ಬರೆದವರು ಬೇಕಾದಷ್ಟು ಜನ ಇದಾರೆ. ಅವರು ಒಂದ್ಸಲ ಕೂತು ನಾಲ್ಕು ನಿಮಿಷ ಒಂದೂ ಫಿಲ್ ಹಾಕದೆ, ಲಯ ಎಳೀದೆ ಓಡಿಸ್ದೆ, ಇದನ್ನ ನುಡಿಸಿ ತೋರಿಸ್ಲಿ. ನನಗೆ ಆರು ತಿಂಗಳು ಬೇಕಾಯ್ತು.

ಆ ಬ್ಯಾಂಡ್ ಬೇಕಂತಲೇ ಕಡಿಮೆ ಇಟ್ಕೊಂಡಿತ್ತು. ಬಟ್ಟೆ ಕೂಡ ಕೆಂಪು, ಬಿಳಿ, ಕಪ್ಪು ಅಷ್ಟೇ. ಈ ಹಾಡಿರೋ 'ಎಲಿಫೆಂಟ್' ಆಲ್ಬಮ್ 2003ದು, ರೆಕಾರ್ಡ್ ಆಗಿದ್ದು 2002ರಲ್ಲಿ ಲಂಡನ್ನಿನ ಟೋ ರ‍್ಯಾಗ್ ಅನ್ನೋ ಸಣ್ಣ ಸ್ಟುಡಿಯೋದಲ್ಲಿ, 8 ಟ್ರ್ಯಾಕ್ ಟೇಪ್ ಮೇಲೆ. ಬರೆಯೋದ್ರಿಂದ ಹಿಡಿದು ಮಾಸ್ಟರಿಂಗ್ ತನಕ ಎಲ್ಲೂ ಕಂಪ್ಯೂಟರ್ ಬಳಸಿಲ್ಲ ಅಂತ ಆಲ್ಬಮ್ ಮೇಲೇ ಬರೆದಿದ್ದಾರೆ. 8 ಟ್ರ್ಯಾಕ್ ಅಂದ್ರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡೋಕೆ ಎಂಟೇ ಸಾಲು, ತುಂಬೋಣ ಅಂದ್ರೂ ಜಾಗ ಇಲ್ಲ.

ಅಂದಹಾಗೆ ಅವರಿಬ್ಬರು ಅಕ್ಕ ತಮ್ಮ ಅಂತಾನೇ ಹೊರಗೆ ಹೇಳ್ಕೊಂಡಿದ್ರು, ನಿಜವಾಗಿ ಗಂಡ ಹೆಂಡತಿ ಆಗಿದ್ದವರು, 2000ದಲ್ಲಿ ಡಿವೋರ್ಸ್ ಆದ್ಮೇಲೂ ಜೊತೆಗೆ ನುಡಿಸಿದ್ರು, 2011ರಲ್ಲಿ ಬ್ಯಾಂಡ್ ನಿಲ್ಲಿಸಿದ್ರು. ನೀವು ನಿಜವಾದ ಅಕ್ಕ ತಮ್ಮ. ಇಬ್ರೇ ನುಡಿಸಿ.

ಕೊತ್ರೂಡ್ ಅಕ್ಕ

ಇಬ್ರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಓದಿ ಹೇಳ್ದೆ, ಫಿಲ್ ಬೇಡ ಅಂದಿದ್ದಕ್ಕೆ ಮುಖ ಸಣ್ಣ ಮಾಡ್ಕೊಂಡ, ಆಮೇಲೆ ಹೆಡ್‌ಫೋನ್ ಹಾಕ್ಕೊಂಡು ಎರಡು ಸಲ ಕೇಳಿ ಬಂದು ಸರಿ ಅಂದ. ಕೀಬೋರ್ಡ್ ಫ್ರೆಂಡಿಗೆ ಕನ್ನಡ ಹಾಡಿಗೆ ಬಾ ಅಂತ ಹೇಳ್ತೀನಿ, ಅದಕ್ಕೆ ನಿಜವಾಗ್ಲೂ ಬೇಕು. ಆದ್ರೆ ಕನ್ನಡ ಪದ ಹಾಕೋ ವಿಚಾರಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ಎದುರು ಕೂತಿರೋರಲ್ಲಿ ಅರ್ಧಕ್ಕರ್ಧ 60 ದಾಟಿದವರು, ಅವರು ಸುಮ್ನೆ ಕೂತು ನೋಡೋ ಹಾಗಾಗ್ಬಾರ್ದು ಅನ್ನೋದೇ ನನ್ನ ಚಿಂತೆ.

ವೆರ್ಣಾ ಹಾವೇರಿ

ಅಕ್ಕಾರ, ನಾ ಹಾವೇರಿಯಂವ, ಗೋವಾದಾಗ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಾಗ ಕೆಲ್ಸ. ಗಿಟಾರ್ ಪಿಟಾರ್ ನನಗ ಗೊತ್ತಿಲ್ಲ, ಫುಟ್‌ಬಾಲ್ ಗೊತ್ತು. ನಿಮ್ಮ ಪ್ರಶ್ನೆಗೆ ಉತ್ತರ ಸ್ಟೇಡಿಯಮ್‌ನಾಗ ಐತಿ.

ಈ ಹಾಡು ಮೈದಾನಕ್ಕ ಬಂದಿದ್ದು ಹೆಂಗಂದ್ರ, 2003ರ ಅಕ್ಟೋಬರ್‌ದಾಗ ಬೆಲ್ಜಿಯಮ್ಮಿನ ಕ್ಲಬ್ ಬ್ರೂಜ್ ಮಂದಿ ತಮ್ಮ ಟೀಮಿನ ಹಿಂದ ಮಿಲಾನಿಗೆ ಹೋಗಿದ್ರು, ಚಾಂಪಿಯನ್ಸ್ ಲೀಗ್ ಮ್ಯಾಚು, ಎದುರಿಗೆ ಎಸಿ ಮಿಲಾನ್. ಮ್ಯಾಚಿಗೆ ಮೊದಲ ಒಂದು ಬಾರಿನಾಗ ಕುಂತಾಗ ಈ ಹಾಡು ಬಂತು, ಅದನ್ನ ಹಾಡಕೋತ ಸ್ಟೇಡಿಯಮ್ಮಿಗೆ ಹೋದ್ರು, ಬ್ರೂಜ್ 1-0 ಗೆದ್ದಬಿಡ್ತು. ಗೆದ್ದ ದಿನದ ಹಾಡು ಯಾರು ಬಿಡ್ತಾರ, ಊರಿಗೆ ಹೊತ್ಕೊಂಡು ಹೋದ್ರು. 2006ರ ಫೆಬ್ರವರಿಯೊಳಗ ರೋಮಾ ಟೀಮು ಬ್ರೂಜ್‌ಗೆ ಆಡಾಕ ಹೋತು, ಅಲ್ಲಿ ಕೇಳಿದ ರೋಮಾ ಮಂದಿ ಇಟಲಿಗೆ ತಂದ್ರು. ಅದ ವರ್ಷ ಇಟಲಿ ವರ್ಲ್ಡ್ ಕಪ್ ಗೆದ್ದಾಗ ಇಡೀ ದೇಶ "ಪೊ ಪೊ ಪೊ" ಅಂತ ಇದನ್ನ ಹಾಡಕೋತ ರಸ್ತಾದಾಗ ಇತ್ತು. ಜುಲೈ 9ರ ಆ ಫೈನಲ್ ನಾ ವಾಸ್ಕೋದಾಗ ನಮ್ಮ ಚಿಕ್ಕಪ್ಪನ ಖೋಲಿಯೊಳಗ ನೋಡಿದ್ದೆ, ನಮ್ಮ ಟೈಮಿಗೆ ರಾತ್ರಿ ಹನ್ನೊಂದೂವರಿಗೆ ಶುರುವಾಗಿ ಪೆನಾಲ್ಟಿ ಮುಗಿಯೂದ್ರಾಗ ಎರಡು ಹೊಡದಿತ್ತು. ಮರುದಿನ ಟೀವಿಯೊಳಗ ಆ ಮಂದಿ ಹಾಡೂದು ತೋರಿಸಿದ್ರು, ನಾ ಆವಾಗ ಹುಡುಗ, ಇಟಲಿ ನಾಡಗೀತೇನ ಇದು ಅಂತ ತಿಳಕೊಂಡಿದ್ದೆ.

ಈಗ ನಾ ಮಡಗಾಂವ್ ಕಡೆ ಫತೋರ್ಡಾ ಸ್ಟೇಡಿಯಮ್ಮಿಗೆ ಹೋಗ್ತೀನಿ. ಅಲ್ಲಿ ಕೊಂಕಣಿ ಮಂದಿ, ಮರಾಠಿ ಮಂದಿ, ನಮ್ಮಂಥಾವ್ರು, ಮಣಿಪುರದ ಹುಡುಗ್ರು, ಎಲ್ಲಾರೂ ಬಾಜೂಬಾಜೂ ಕುಂತಿರ್ತೀವಿ. ಮಾತಿರೋ ಘೋಷಣಾ ಶುರುವಾದ್ರ ಅರ್ಧ ಮಂದಿ ಬಾಯಿ ಮುಚ್ಕೊಂಡು ಕುಂದ್ರತಾರ, ಪದ ಗೊತ್ತಿರಂಗಿಲ್ಲ. ಬರೇ "ಓ" ಅಂತ ಇರೋ ಧಾಟಿ ಶುರುವಾದ್ರ ಎಲ್ಲಾರೂ ಎದ್ದ ನಿಂದರತಾರ. ಅಕ್ಕಾರ, ಈ ಹಾಡಿನೊಳಗ ಎಲ್ಲಾರಿಗೂ ನೆನಪಿರೋ ಭಾಗಕ್ಕ ಪದಾನ ಇಲ್ಲ! ಬ್ರೂಜ್ ಮಂದಿಗೆ ಇಂಗ್ಲಿಷ್ ಬೇಕಾಗ್ಲಿಲ್ಲ, ಇಟಲಿ ಮಂದಿಗೆ ಬೇಕಾಗ್ಲಿಲ್ಲ, ನಿಮ್ಮ ಅಂಕಲ್‌ರಿಗೂ ಬೇಕಾಗಂಗಿಲ್ಲ. ಮೊದಲ ಎರಡು ಸಲ ನೀವು ನುಡಸ್ರಿ, ಮೂರನೇದ್ದಕ್ಕ ಗಿಟಾರ್ ನಿಲ್ಸಿ ಬರೇ ಡ್ರಮ್ ಇಟ್ಟು ಮಂದಿ ಕಡೆ ಕೈ ಮಾಡ್ರಿ.

ಬಿಳಿ ಮೂರು

ತಂಗೀ, ನಾ ಧಾರವಾಡದಾಂವ. ಪಿಂಪ್ರಿಯೊಳಗ ನೌಕರಿ ಮಾಡಿ ರಿಟೈರ್ ಆಗೇನಿ, ಹಾರ್ಮೋನಿಯಂ ನುಡಸ್ತೀನಿ, ರಾಕ್ ಸಂಗೀತ ನನಗ ಗೊತ್ತಿಲ್ಲ. ನಮ್ಮ ಮೊಮ್ಮಗ ಇದನ್ನ ತೋರಿಸಿ ಅಜ್ಜಾ ನೋಡು ಅಂದ. ಹಾಡು ಕೇಳಿದೆ. ಒಮ್ಮೆ ಅಲ್ಲ, ನಾಕೈದು ಸಲ ಕೇಳಿದೆ.

ಹಾರ್ಮೋನಿಯಮ್ಮಿನ ಬಿಳಿ ಮೂರನ್ನ, ಅಂದ್ರ ನಿಮ್ಮ ಇ ಸ್ವರಾನ, ಷಡ್ಜ ಹಿಡದ್ರ ಆ ಧಾಟಿ ಹಿಂಗ ಬರತೈತಿ: ಸಾ ಸಾ ಗ ಸಾ ನಿ, ಧ, ಪ. ಗಾಂಧಾರ, ಧೈವತ, ನಿಷಾದ ಮೂರೂ ಕೋಮಲ. ಸಾ, ಗ ಮಧ್ಯ ಸಪ್ತಕದ್ದು, ನಿ ಧ ಪ ಮಂದ್ರದ್ದು. ರಿಷಭ ಇಲ್ಲ, ಮಧ್ಯಮ ಇಲ್ಲ. ಮೊದಲ ಕೇಳಿದಾಗ ಮಾಲಕಂಸ ರಾಗದ ವಾಸನಿ ಬಂತು, ಆದ್ರ ಕಡೀಕ ಬಂದು ಪಂಚಮದ ಮ್ಯಾಲ ನಿಂದರತೈತಿ, ಮಾಲಕಂಸದಾಗ ಪಂಚಮ ವರ್ಜ್ಯ. ರಿಷಭಾನ ಇಲ್ಲದ್ದಕ್ಕ ಆಸಾವರಿ ಅನ್ನಾಕೂ ಭೈರವಿ ಅನ್ನಾಕೂ ಬರಂಗಿಲ್ಲ. ಹೆಸರು ಬ್ಯಾಡ. ಆ ಮಂದ್ರ ಪಂಚಮ ಐತೆಲ್ಲ, ಅಲ್ಲಿ ನಿಂತಾಂವಗ ಸಾಕ್ಕ ತಿರುಗಿ ಬರೂತನಾ ಸಮಾಧಾನ ಇರಂಗಿಲ್ಲ. ಅದಕ್ಕ ಇದು ಮುಗಿದ ಕೂಡ್ಲೇ ಮತ್ತ ಶುರು ಆಗಬೇಕು ಅನಸತೈತಿ. ಮಂದಿ ಅರ್ಧಾ ತಾಸು ಹಾಡಕೋತ ಹೋಗೂದಕ್ಕ ಕಾರಣ ಇದ ಇರಬೇಕು, ನನ್ನ ತಿಳುವಳಿಕಿ.

ಶರೀಫರ ಪದ ಹಾಕೂ ಮಾತಿಗೆ ಬರ್ತೀನಿ. ಹಾಕಬ್ಯಾಡ್ರಿ. ರಘು ದೀಕ್ಷಿತ್ ಶರೀಫರನ್ನ ಗಿಟಾರ್ ಮ್ಯಾಲ ಹಾಡ್ಯಾನ, ಚೊಲೋ ಹಾಡ್ಯಾನ, ಅಲ್ಲಿ ಪದ ಮೊದಲು, ಧಾಟಿ ಅದಕ್ಕ ತಕ್ಕಂಗ ಕಟ್ಟಿದ್ದು. ಶರೀಫರ ಪದದಾಗ ಮಾತು ಕಿವಿಗೆ ಮುಟ್ಟಬೇಕು, ಒಂದೊಂದು ಮಾತಿಗೂ ಎರಡೆರಡು ಅರ್ಥ ಇರತಾವ. ಏಳು ಸ್ವರದ ಈ ಗೂಟಕ್ಕ ಅದನ್ನ ಕಟ್ಟಿದ್ರ ಪದಾನೂ ಕುಂಟತೈತಿ, ಧಾಟೀನೂ ಕುಂಟತೈತಿ.

ಇನ್ನ ವಯಸ್ಸಾದವ್ರು ಸುಮ್ಮನ ಕುಂದ್ರತಾರ ಅನ್ನೂ ಚಿಂತಿ ಬಿಡ್ರಿ. ಪುಣೇದಾಗ ಸವಾಯಿ ಗಂಧರ್ವ ಮಹೋತ್ಸವ ಶುರು ಮಾಡಿದಾವ್ರು ನಮ್ಮ ಗದುಗಿನ ಭೀಮಸೇನ ಜೋಶಿಯವ್ರು, 1953ರಾಗ, ಕುಂದಗೋಳದ ತಮ್ಮ ಗುರುಗಳ ನೆನಪಿಗೆ. ನಾ ಅಲ್ಲಿ ನೆಲದ ಮ್ಯಾಲೆ ಕುಂತು ಎಷ್ಟೋ ಛಳಿಗಾಲ ಕೇಳೇನಿ. ಬಾಜೂ ಕುಂತಾವ್ರು ಹೆಚ್ಚಿನವ್ರು ಮರಾಠಿ ಮಂದಿ, ಪಂಡಿತರು ಕನ್ನಡ ದಾಸರ ಪದ ಎತ್ತಿಕೊಂಡ್ರ ಅವ್ರಿಗೆ ಮಾತು ತಿಳೀತಿದ್ದಿಲ್ಲ, ಆದ್ರ ತಲಿ ಹಾಕತಿದ್ರು, ಕಣ್ಣಾಗ ನೀರು ತರತಿದ್ರು. ಸ್ವರ ಹಿಡದ್ರ ಸಾಕಾಗತೈತಿ. ನೀವು ಶುರು ಮಾಡೂಕಿಂತ ಮೊದಲ ಮೈಕಿನಾಗ ಒಂದ ಸಲ "ಸಾ ಸಾ ಗ ಸಾ ನಿ ಧ ಪ" ಅಂತ ಹಾಡಿ ತೋರಸ್ರಿ. ನಮ್ಮ ವಾರಿಗಿಯವ್ರು ಅರ್ಧಕ್ಕರ್ಧ ಭಜನಿ ಮಾಡಿದವ್ರು. ಮುಂದಿಂದು ಅವ್ರ ನೋಡ್ಕೋತಾರ.

ಮಾಟುಂಗಾ ಮಾಣಿ

ಅಜ್ಜಾ, ಇಷ್ಟು ವರ್ಷ ನುಡಿಸ್ತಾ ಇದ್ದೇನೆ, ರಿಷಭ ಮಧ್ಯಮ ಇಲ್ಲ ಅಂತ ಗಮನಿಸಿಯೇ ಇರಲಿಲ್ಲ. ತುಂಬ ಉಪಕಾರ.

ಒಂದು ವಿಷಯ ಸೇರಿಸ್ತೇನೆ. ಈ ಟ್ಯೂನ್ ಹುಟ್ಟಿದ್ದು 2002ರ ಜನವರಿಯಲ್ಲಿ ಮೆಲ್ಬರ್ನ್‌ನ ಕಾರ್ನರ್ ಹೋಟೆಲ್‌ನಲ್ಲಿ, ಶೋಗೆ ಮೊದಲು ಸೌಂಡ್‌ಚೆಕ್ ಮಾಡುವಾಗ. ಅಲ್ಲಿದ್ದ ಗೆಳೆಯನಿಗೆ ಜ್ಯಾಕ್ ನುಡಿಸಿ ತೋರಿಸಿದ್ರೆ ಅವನಿಗೆ ಅಷ್ಟೇನೂ ಅನ್ನಿಸ್ಲಿಲ್ಲ. ಮುಂದೆ ಯಾವತ್ತಾದ್ರೂ ಜೇಮ್ಸ್ ಬಾಂಡ್ ಸಿನೆಮಾಕ್ಕೆ ಹಾಡು ಕೇಳಿದ್ರೆ ಕೊಡುವ ಅಂತ ಜ್ಯಾಕ್ ತೆಗೆದಿಟ್ಟಿದ್ದರಂತೆ, ಅದು ಆಗುವ ಮಾತಲ್ಲ ಅಂತ ಅನ್ನಿಸಿ ಹಾಡು ಮಾಡಿದ್ದು. ಕೊನೆಗೆ 2008ರಲ್ಲಿ ಬಾಂಡ್ ಹಾಡೂ ಸಿಕ್ಕಿತು, ಆದ್ರೆ ಅಷ್ಟರಲ್ಲಿ ಈ ಟ್ಯೂನ್ ಊರಿಗೇ ಸೇರಿ ಆಗಿತ್ತು. ರೆಕಾರ್ಡ್ ಕಂಪನಿಯವರಿಗೂ ಇದು ಸಿಂಗಲ್ ಆಗುವುದು ಬೇಡ ಇತ್ತು, ಆಲ್ಬಮ್ಮಿನ ಬೇರೆ ಹಾಡು ಬೇಕಿತ್ತು, ಜ್ಯಾಕ್ ಹಠ ಹಿಡಿದು ಇದನ್ನೇ ಬಿಡುಗಡೆ ಮಾಡಿಸಿದ್ರು. ಇಂಗ್ಲೆಂಡಲ್ಲಿ 7ನೇ ಸ್ಥಾನ, ಅಮೆರಿಕದ ಮುಖ್ಯ ಚಾರ್ಟಲ್ಲಿ ಬರೇ 76, ಆದ್ರೆ ಅಲ್ಲಿಯ ಆಲ್ಟರ್ನೇಟಿವ್ ಚಾರ್ಟಲ್ಲಿ ಒಂದನೇದು, 2004ರಲ್ಲಿ ಅತ್ಯುತ್ತಮ ರಾಕ್ ಹಾಡು ಅಂತ ಗ್ರ್ಯಾಮಿ. ಚಾರ್ಟಿನ 76ನ್ನ ನೋಡಿ ಯಾರಾದ್ರೂ ಇದು 20 ವರ್ಷ ಆದ್ಮೇಲೂ ಸ್ಟೇಡಿಯಮ್ಮಲ್ಲಿ ಇರ್ತದೆ ಅಂತ ಹೇಳ್ತಿದ್ರಾ? ನಿಮ್ಮ ಕಮಿಟಿಯವರು ಬೇಡ ಅಂದ್ರೂ ಬೇಜಾರು ಮಾಡ್ಕೋಬೇಡಿ, ಇನ್ನೊಂದು ಸಲ ಕೇಳಿ.

ಕೊತ್ರೂಡ್ ಅಕ್ಕ

ಬೇಡ ಅನ್ಲಿಲ್ಲ! ನಿನ್ನೆ ಅಂಕಲ್ ಮನೆಗೇ ಹೋಗಿದ್ವಿ. ಊರು ಬಿಟ್ಟು ಹೊರಟವನ ಕತೆ ಅಂತ ಹೇಳ್ದೆ, ಆಮೇಲೆ ಅಜ್ಜ ಹೇಳಿದ ಹಾಗೆ ಸರಿಗಮದಲ್ಲಿ ಹಾಡಿ ತೋರಿಸ್ದೆ. ಅವರು 1980ರ ಹೊತ್ತಿಗೆ ಪುಣೆಗೆ ಬಂದವರು, ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ನಿರೂಪಣೆ ಕನ್ನಡದಲ್ಲಿ ಮಾಡು, ಸ್ವರ ಎಲ್ಲರ ಕೈಲೂ ಹೇಳಿಸು, ಆಂಟಿಯರನ್ನ ಮುಂದಿನ ಸಾಲಲ್ಲಿ ಕೂರಿಸೋ ಜವಾಬ್ದಾರಿ ನಂದು ಅಂದ್ರು.

ಪೆಡಲ್ ಒಬ್ಬ ಪರಿಚಯದವರ ಹತ್ರ ಎರಡು ವಾರಕ್ಕೆ ಸಿಕ್ಕಿದೆ. ನಿನ್ನೆ ರಾತ್ರಿ ಹಾಕಿ ನುಡಿಸ್ದೆ. ಮಾಣಿಯವರೇ, ಕೊನೇ ಬಿ ಬಂದಾಗ ಕಿಟಕಿ ಗಾಜು ಅಲ್ಲಾಡ್ತು, ನನಗೆ ಮೈ ಜುಂ ಅಂತು, ಇಷ್ಟು ವರ್ಷ ತಲೆಯಲ್ಲಿ ಕೇಳಿದ್ದು ಕೈಯಿಂದ ಬಂತು.

ಠಾಣೆಯವರೇ ಒಂದು ಪ್ರಶ್ನೆ ಉಳಿದಿದೆ. ಬಾಡಿಗೆ ಡ್ರಮ್ ಕಿಟ್‌ನ ಫ್ಲೋರ್ ಟಾಮ್ ಖಾಲಿ ಡಬ್ಬ ಥರ ಉಯ್ಯ್ ಅಂತ ಉದ್ದಕ್ಕೆ ಕೂಗತ್ತೆ, ಗಿಟಾರಿನ ಕೆಳಗಿನ ಸ್ವರದ ಜೊತೆ ಸೇರಿ ಕೊಚ್ಚೆ ಆಗತ್ತೆ. ಏನ್ ಮಾಡ್ಲಿ?

ಠಾಣೆ ಡ್ರಮ್ಮರ್

ಮೇಲಿನ ಹೆಡ್‌ನ ಸ್ಕ್ರೂ ಎಲ್ಲಾ ಸಮ ಪ್ರಮಾಣದಲ್ಲಿ ಸ್ವಲ್ಪ ಸ್ವಲ್ಪ ಸಡಿಲ ಮಾಡಿ, ಎದುರುಬದುರು ಸ್ಕ್ರೂ ಜೋಡಿ ಜೋಡಿಯಾಗಿ, ಒಂದೇ ಕಡೆಯಿಂದ ಸುತ್ತ ಹೋಗ್ಬೇಡಿ. ಆಮೇಲೆ ಕರ್ಚೀಫ್ ನಾಲ್ಕು ಮಡಿಕೆ ಮಾಡಿ ಅಂಚಿಗೆ ಟೇಪ್ ಹಾಕಿ ಅಂಟಿಸಿ, ತಮ್ಮ ಹೊಡಿಯೋ ಜಾಗದಿಂದ ದೂರದ ಅಂಚಿಗೆ. ತುಂಬಾ ದಪ್ಪ ಟವೆಲ್ ಹಾಕ್ಬೇಡಿ, ಸತ್ತೇ ಹೋಗತ್ತೆ. ಕೂಗು ನಿಂತು ಧಮ್ ಉಳೀಬೇಕು. ಸೌಂಡ್‌ಚೆಕ್‌ನಲ್ಲಿ ಗಿಟಾರ್ ಜೊತೆ ನುಡಿಸ್ಕೊಂಡೇ ನೋಡಿ, ಒಂಟಿಯಾಗಿ ಕೇಳಿದ್ರೆ ಗೊತ್ತಾಗಲ್ಲ. ಪ್ರೋಗ್ರಾಮ್ ಯಾವತ್ತು, ಎಷ್ಟೊತ್ತಿಗೆ ಹೇಳಿ, ನಾನು ಇಂಟರ್‌ಸಿಟಿ ಹಿಡ್ಕೊಂಡು ಬರ್ತೀನಿ.